ಚಾಲಗೇಣಿಯ ಗದ್ದೆ

ನಮ್ಮ ದಕ್ಷಿಣ ಕನ್ನಡದಲ್ಲಿ ಹಿಂದೆ ಗೇಣಿ ಎಂದರೆ ಎಲ್ಲವೂ ಒಂದೇ ಆಗಿರಲಿಲ್ಲ. ಮೂಲಗೇಣಿ ಬೇರೆ, ಚಾಲಗೇಣಿ ಬೇರೆ. ಮೂಲಗೇಣಿಯ ಒಕ್ಕಲು ಗೊತ್ತುಮಾಡಿದ ಗೇಣಿ ಕೊಡುತ್ತಿದ್ದರೆ ಸಾಕು, ಜಾಗ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು. ಚಾಲಗೇಣಿ ಧಣಿಯ ಮನಸ್ಸು ಇರುವಷ್ಟು ದಿನ. ಗೇಣಿ ಏರಿಸಿದರೆ ಕೊಡಬೇಕು, ಬಿಡು ಎಂದರೆ ಬಿಡಬೇಕು. ನನ್ನ ಅಜ್ಜ ಚಾಲಗೇಣಿಯವರು. ಬೆಳೆದ ಅಕ್ಕಿಯನ್ನು ಮುಡಿ ಕಟ್ಟಿ ತಲೆಯ ಮೇಲೆ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಿ ಬರುತ್ತಿದ್ದರಂತೆ. ಗದ್ದೆಯ ಹುಣಿಯ ಮೇಲೆ ಒಂದೇ ಒಂದು ತೆಂಗಿನ ಸಸಿ ನೆಟ್ಟವರಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ತೆಂಗು ಕಾಯಿ ಬಿಡಲು ಆರೇಳು ವರ್ಷ ಬೇಕು. ಅಷ್ಟು ವರ್ಷ ಆ ಹುಣಿಯ ಮೇಲೆ ಕಾಲಿಡಲು ಬಿಡುತ್ತಾರೆಂಬ ಖಾತರಿ ಅಜ್ಜನಿಗಿರಲಿಲ್ಲ.

ಇದೆಲ್ಲ ನೆನಪಾದದ್ದು ತಂಗಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ. ಅವನೂ ಇಬ್ಬರು ಗೆಳೆಯರೂ ಸೇರಿ ಸಣ್ಣದೊಂದು ಸ್ಟಾರ್ಟಪ್ ಮಾಡಿದ್ದಾರೆ. ಅಂಗಡಿಯವರು ಕೈಬರಹದ ಬಿಲ್ಲಿನ ಫೋಟೊ ತೆಗೆದು ಕಳಿಸಿದರೆ ಆ್ಯಪ್ ಅದನ್ನು ಓದಿ ಲೆಕ್ಕ ಬರೆದುಕೊಡುತ್ತದೆ. ಓದುವ ಬುದ್ಧಿ ಇವರದಲ್ಲ, ದೊಡ್ಡ ಕಂಪನಿಯೊಂದರ ಎಐ ಮಾಡೆಲ್‌ನದು. ಒಂದು ಬೆಳಿಗ್ಗೆ ಆ ಕಂಪನಿಯಿಂದ ಇಮೇಲ್ ಬಂತು: ನೀವು ಬಳಸುತ್ತಿರುವ ಮಾಡೆಲ್ ಇನ್ನು ಇಷ್ಟು ದಿನಕ್ಕೆ ನಿಲ್ಲುತ್ತದೆ, ಹೊಸದಕ್ಕೆ ಬದಲಾಯಿಸಿಕೊಳ್ಳಿ. ಹೊಸದು ಬುದ್ಧಿವಂತವೇ. ಆದರೆ ಮಂಡಿ ಸಾಹುಕಾರರೊಬ್ಬರ ಹಳೆಯ ಕಾಲದ ಬರಹದಲ್ಲಿದ್ದ ಕನ್ನಡದ ೬ನ್ನು ಅದು ೯ ಎಂದು ಓದಿತು. ಆರು ನೂರು ಒಂಬೈನೂರಾಯಿತು. ಸಾಹುಕಾರರು ಆ್ಯಪನ್ನೇ ತೆಗೆದುಹಾಕಿದರು. “ಮಾವ, ನಾವು ತಪ್ಪು ಮಾಡಿದ್ದೆಲ್ಲಿ ಅಂತ್ಲೇ ಗೊತ್ತಾಗ್ತಿಲ್ಲ” ಎಂದ. ಅವನ ದನಿ ಕೇಳಿ ಸಂಕಟವಾಯಿತು.

ಅವನಿಗೆ ನಾನು ಹೇಳಿದ್ದು ಫಾರ್ಮ್‌ವಿಲ್ ಕಥೆ. ಆ ಆಟ ಬಂದಾಗ ಅವನಿನ್ನೂ ಪ್ರೈಮರಿ ಶಾಲೆಯಲ್ಲಿದ್ದ.

ಮಾರ್ಕ್ ಪಿಂಕಸ್ 2007ರಲ್ಲಿ ಅಮೆರಿಕದಲ್ಲಿ ಕಟ್ಟಿದ ಝಿಂಗಾ ಕಂಪನಿ 2009ರ ಜೂನ್‌ನಲ್ಲಿ ಆ ಆಟವನ್ನು ಫೇಸ್‌ಬುಕ್‌ನೊಳಗೆ ತಂದಿತು. ಹೊಲ ಉಳುವುದು, ಬಿತ್ತುವುದು, ಸ್ಟ್ರಾಬೆರಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಬಂದು ಕೊಯ್ಯುವುದು. ತಡವಾದರೆ ಬೆಳೆ ಬಾಡುತ್ತಿತ್ತು. ವರ್ಷ ತುಂಬುವ ಮೊದಲೇ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಅಲ್ಲಿ ಬೇಸಾಯ ಮಾಡುತ್ತಿದ್ದರು. 2010ರಲ್ಲಿ ಝಿಂಗಾ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. ಇಷ್ಟು ಬೇಗ ಬೆಳೆಯಲು ಕಾರಣ ಮಣ್ಣಿನ ಗುಣ. ಒಬ್ಬ ಆಡಿದರೆ ಅವನ ಗೆಳೆಯರಿಗೆಲ್ಲ ಸುದ್ದಿ ಹೋಗುತ್ತಿತ್ತು. ದಾರಿ ತಪ್ಪಿದ ಹಸುವೊಂದು ಬಂದಿದೆ, ಸಾಕುತ್ತೀರಾ ಎಂದು ಕರೆ ಬರುತ್ತಿತ್ತು. ಗಿರಾಕಿ ತಾನಾಗಿಯೇ ಮನೆ ಬಾಗಿಲಿಗೆ ಬರುತ್ತಿದ್ದ.

ಆಟ ಆಡದವರಿಗೆ ಈ ಹಸುಗಳ ಕಾಟ ವಿಪರೀತವಾಯಿತು. 2010ರಲ್ಲಿ ಫೇಸ್‌ಬುಕ್ ಆ ಬಗೆಯ ಸಂದೇಶಗಳಿಗೆ ಕಡಿವಾಣ ಹಾಕಿತು. ಅದು ಮಾಡಿದ್ದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ತನ್ನ ಮನೆಯ ನೆಮ್ಮದಿಯನ್ನು ಅದು ನೋಡಿಕೊಂಡಿತು, ಅಷ್ಟೆ. ಭಯಪಡಬೇಕಾದದ್ದು ಇದಕ್ಕೇ. ಒಕ್ಕಲು ಹಾಳಾಗಲು ಧಣಿ ಕೆಟ್ಟವನಾಗಿರಬೇಕೆಂದಿಲ್ಲ. ಅವನು ತನ್ನ ಪಾಡಿಗೆ ತೋಡಿನ ನೀರು ಬೇರೆ ಕಡೆ ತಿರುಗಿಸಿದರೂ ಕೆಳಗಿನ ಗದ್ದೆ ಒಣಗುತ್ತದೆ.

ಆಮೇಲೆ ಗೇಣಿ ಬಂತು. 2010ರ ಮೇ ತಿಂಗಳಲ್ಲಿ ಎರಡೂ ಕಂಪನಿಗಳ ನಡುವೆ 5 ವರ್ಷದ ಒಪ್ಪಂದವಾಯಿತು. ಆಟದೊಳಗಿನ ಖರೀದಿಗೆ ಫೇಸ್‌ಬುಕ್‌ನ ನಾಣ್ಯವನ್ನೇ ಬಳಸಬೇಕು, ಅದರಲ್ಲಿ ಶೇ 30 ಫೇಸ್‌ಬುಕ್‌ಗೆ. 2011ರಲ್ಲಿ ಝಿಂಗಾದ ಆದಾಯದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಂದದ್ದು ಈ ಒಂದೇ ಗದ್ದೆಯಿಂದ. ಅದೇ ವರ್ಷ ಫೇಸ್‌ಬುಕ್‌ನ ಆದಾಯದಲ್ಲೂ ಶೇ 12 ಝಿಂಗಾದಿಂದಲೇ ಬಂದಿತ್ತು. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಲ್ಲವೇ ಎಂದು ತಂಗಿಯ ಮಗ ಕೇಳಿದ. ಬೇಕು. ಆದರೆ ಶೇ 12 ಹೋದರೆ ಒಂದು ವರ್ಷ ಕಷ್ಟವಾದೀತು. ಶೇ 90 ಹೋದರೆ ಒಲೆ ಹೊತ್ತುವುದಿಲ್ಲ.

2011ರ ಡಿಸೆಂಬರ್‌ನಲ್ಲಿ 10 ಡಾಲರ್‌ಗೆ ಮಾರಾಟವಾದ ಝಿಂಗಾ ಷೇರು ಮುಂದಿನ ವರ್ಷ ಮುಗಿಯುವ ಹೊತ್ತಿಗೆ 3 ಡಾಲರ್‌ಗಿಂತ ಕೆಳಗಿತ್ತು. 2012ರ ನವೆಂಬರ್‌ನಲ್ಲಿ ಒಪ್ಪಂದ ಬದಲಾಗಿ ವಿಶೇಷ ಸವಲತ್ತುಗಳು ಹೋದವು. 2013ರ ಜೂನ್‌ನಲ್ಲಿ 520 ಜನ ಕೆಲಸ ಕಳೆದುಕೊಂಡರು, ಅಂದರೆ ಸಿಬ್ಬಂದಿಯಲ್ಲಿ ಸುಮಾರು ಶೇ 18. ಎಲ್ಲಕ್ಕೂ ಫೇಸ್‌ಬುಕ್ ಒಂದೇ ಕಾರಣವಲ್ಲ. ಜನ ಕಂಪ್ಯೂಟರ್ ಬಿಟ್ಟು ಮೊಬೈಲ್‌ಗೆ ಹೋದರು, ಒಂದೇ ಥರದ ಆಟಗಳು ಬೇಸರವಾದವು. ಆದರೆ ಬೇರೆ ಕಡೆ ಬೇರು ಇಳಿಸದವನಿಗೆ ಎಲ್ಲ ಗಾಳಿಯೂ ಬಿರುಗಾಳಿಯೇ. ನೆಲದಂತೆ ನೇಗಿಲೂ ಪರರದ್ದೇ ಆಗಿತ್ತು. ಫಾರ್ಮ್‌ವಿಲ್ ಕಟ್ಟಿದ್ದು ಅಡೋಬಿಯ ಫ್ಲ್ಯಾಶ್ ತಂತ್ರಜ್ಞಾನದ ಮೇಲೆ. ಅಡೋಬಿ ಫ್ಲ್ಯಾಶನ್ನು ನಿಲ್ಲಿಸಿತು, 2020ರ ಡಿಸೆಂಬರ್ 31ರಂದು ಫೇಸ್‌ಬುಕ್‌ನ ಆ ಹೊಲವೂ ಮುಚ್ಚಿತು. ಝಿಂಗಾ ಮಾತ್ರ ಮೊಬೈಲ್ ಆಟಗಳ ಕಂಪನಿಗಳನ್ನು ಕೊಂಡು ಚೇತರಿಸಿಕೊಂಡಿತ್ತು. 2022ರಲ್ಲಿ ಟೇಕ್-ಟು ಕಂಪನಿ ಅದನ್ನು ಸುಮಾರು 1,270 ಕೋಟಿ ಡಾಲರ್‌ಗೆ ಕೊಂಡಿತು. ಆದರೆ ಮೊಬೈಲ್‌ನಲ್ಲಿ ಆ್ಯಪಲ್ ಮತ್ತು ಗೂಗಲ್ ಎಂಬ ಇಬ್ಬರು ಹೊಸ ಧಣಿಗಳಿದ್ದರು.

ನಮ್ಮಲ್ಲೂ ನೋಡಿದ್ದೇವೆ. 2024ರ ಮಾರ್ಚ್ 1ರಂದು ನೌಕ್ರಿ, 99 ಏಕರ್ಸ್, ಭಾರತ್ ಮ್ಯಾಟ್ರಿಮನಿ ಮೊದಲಾದ ಆ್ಯಪ್‌ಗಳನ್ನು ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ ತೆಗೆಯಿತು. ಜಗಳ ಶುಲ್ಕದ್ದು, ಕೋರ್ಟಿನಲ್ಲಿ ಕಂಪನಿಗಳಿಗೆ ತಡೆಯಾಜ್ಞೆ ಸಿಕ್ಕಿರಲಿಲ್ಲ. ಕೇಂದ್ರ ಸಚಿವರು ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ಇಪ್ಪತ್ತು ವರ್ಷದ ಹೆಸರಿದ್ದ ಕಂಪನಿಗಳಿಗಾಗಿ ಸಚಿವರು ಮಾತಾಡಿದರು. ಮೂರು ಹುಡುಗರ ಸ್ಟಾರ್ಟಪ್‌ಗೆ ಯಾರು ಮಾತಾಡುತ್ತಾರೆ?

ಆ ತಾರೀಖು ನನ್ನ ಮನಸ್ಸಿನಲ್ಲಿ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ. ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಅದಕ್ಕೆ ಸರಿಯಾಗಿ 50 ವರ್ಷ ಮೊದಲು. ಗೇಣಿಗೆ ಮಾಡುತ್ತಿದ್ದ ಗದ್ದೆಯ ಹಕ್ಕಿಗಾಗಿ ಅಜ್ಜ 7ನೇ ನಮೂನೆಯ ಅರ್ಜಿ ಹಾಕಿದರು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು. ಅಜ್ಜ ದುಡಿಮೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಆದರೂ ಅವರಿಗೆ ಗದ್ದೆ ಸಿಕ್ಕಿದ್ದು ಕಾನೂನಿನಿಂದ. ಹಾಗಾಗಿ ಸ್ಟಾರ್ಟಪ್‌ನವರು ತಮ್ಮ ಎಚ್ಚರದಲ್ಲಿ ತಾವಿರಬೇಕು ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ಪ್ಲೇ ಸ್ಟೋರ್ ವಿಷಯಕ್ಕೆ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತು. 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216 ಕೋಟಿಗೆ ಇಳಿಸಿತು. ದಂಡ ಬೀಳುವುದು ಬೆಳೆ ಹೋದ ಮೇಲೆ. ಬಿತ್ತುವ ಮೊದಲೇ ಕಟ್ಟುಪಾಡು ಇರಬೇಕು. 2024ರ ಮಾರ್ಚ್‌ನಲ್ಲೇ ಹೊರಬಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ ಆ ಯೋಚನೆಯಿದೆ. ಅದಕ್ಕೆ ತಕರಾರುಗಳೂ ಬಂದಿವೆ. ನನ್ನ ಮನಸ್ಸು ಕರಡಿನ ಕಡೆಗೇ ಇದೆ.

ಕಾನೂನು ಬರುವವರೆಗೆ ಹುಡುಗ ಏನು ಮಾಡಬೇಕು? ಪರರ ಮಾಡೆಲ್ ಬಳಸಬೇಡ ಎಂದು ನಾನು ಹೇಳಲಿಲ್ಲ. ಸ್ವಂತ ನೆಲವಿಲ್ಲದವನು ಗೇಣಿಗೆ ಮಾಡದೆ ಇನ್ನೇನು ಮಾಡಿಯಾನು? ಒಂದೇ ಪ್ರಶ್ನೆ ಕೇಳಿದೆ. ಆ್ಯಪ್ ತಪ್ಪಾಗಿ ಓದಿದಾಗಲೆಲ್ಲ ಅಂಗಡಿಯವರು ತಿದ್ದಿಕೊಟ್ಟಿದ್ದಾರಲ್ಲ, ಆ ತಿದ್ದಿದ ಬಿಲ್ಲುಗಳೆಲ್ಲ ಎಲ್ಲಿವೆ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಆ ಎಐ ಕಂಪನಿಯ ಸರ್ವರ್‌ನಲ್ಲೇ ಇವೆ ಮಾವ.”

ಎರಡು ವರ್ಷದ ತಿದ್ದುಪಡಿ. ಯಾವ ಊರಿನ ಮಂಡಿಯಲ್ಲಿ ೬ ಹೇಗೆ ಬರೆಯುತ್ತಾರೆ, ‘ಸೇರು’ ಎಂಬುದನ್ನು ಯಾರು ಹೇಗೆ ಚುಟುಕು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಯಾವ ದೊಡ್ಡ ಕಂಪನಿಯೂ ಅಂಗಡಿ ಅಂಗಡಿಗೆ ಅಲೆದು ಅದನ್ನು ಕೂಡಿಸಿಲ್ಲ, ಇವನು ಬಸ್ಸಿನಲ್ಲಿ ಓಡಾಡಿ ಕೂಡಿಸಿದ್ದಾನೆ. ಅದು ಕೈಯಲ್ಲಿದ್ದರೆ ಯಾವ ಮಾಡೆಲ್ ಬಂದರೂ ಒಂದೇ ದಿನದಲ್ಲಿ ಪರೀಕ್ಷಿಸಬಹುದು, ಇದು ಸರಿಯಿಲ್ಲದಿದ್ದರೆ ಅದು ಎನ್ನಬಹುದು.

ನಿನ್ನೆ ರಾತ್ರಿ ಮತ್ತೆ ಫೋನ್ ಬಂತು. ಎರಡು ಹಾರ್ಡ್ ಡಿಸ್ಕ್ ತಂದಿದ್ದಾನೆ. ಇಳಿಸಿಕೊಳ್ಳಲು ತಿಂಗಳಿಗೆ ಇಷ್ಟೇ ಎಂಬ ಮಿತಿಯಿದೆಯಂತೆ, ಅರ್ಧವಷ್ಟೇ ಬಂದಿದೆ. ಗಡುವಿಗೆ ಇನ್ನು ಹನ್ನೊಂದು ದಿನ. ಮೂವರೂ ಸರದಿಯ ಮೇಲೆ ನಿದ್ದೆ ಮಾಡುತ್ತಿದ್ದಾರೆ.