ಮುಚ್ಚಿದ ಪೆಟ್ಟಿಗೆಗೆ ಆರತಿ

ಮೇಲುಕೋಟೆಯ ವೈರಮುಡಿ ಉತ್ಸವದ ದಿನ ನಮ್ಮೂರ ರಸ್ತೆಯಲ್ಲಿ ನಾವು ಆರತಿ ಎತ್ತುವುದು ಮುಚ್ಚಿದ ಪೆಟ್ಟಿಗೆಗೆ. ಒಳಗಿನ ವಜ್ರದ ಕಿರೀಟ ಅಲ್ಲಿ ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಕೈ ಮುಗಿದರೆ ಅದು ದರ್ಶನವಾ ಎಂದು ಕಾಲೇಜಿಗೆ ಹೋಗುವ ನನ್ನ ಮಗ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ.

ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ವೈರಮುಡಿ, ರಾಜಮುಡಿ ಕಿರೀಟಗಳು ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಡುತ್ತವೆ. ಮೇಲುಕೋಟೆಗೆ ಹತ್ತಿರದ ದಾರಿ ಬೇರೆ ಇದ್ದರೂ ಮೈಸೂರು ಹೆದ್ದಾರಿ ಹಿಡಿದು, ಕಿರಂಗೂರಿನ ಹತ್ತಿರ ತಿರುಗಿ, ದರಸಗುಪ್ಪೆ, ಪಾಂಡವಪುರ, ಜಕ್ಕನಹಳ್ಳಿಯ ಮೇಲೆ ಬೆಟ್ಟ ಹತ್ತುತ್ತವೆ. ಮಿಕ್ಕ ದಿನ ಈ ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳದ್ದೇ ಓಡಾಟ.

ಅವತ್ತು ಮಾತ್ರ ಬೆಳಗಾಗುತ್ತಲೇ ರಸ್ತೆಗೆ ನೀರು ಹಾಕುತ್ತೇವೆ. ಟಾರು ಕಾದರೆ ನೀರು ಆರಿ ರಂಗೋಲಿ ಪುಡಿ ಹಾರಿಹೋಗುತ್ತದೆ ಅಂತ ಮೊದಲು ಸಗಣಿ ಸಾರಿಸುತ್ತೇವೆ. ಮಾವಿನ ತೋರಣ, ಪಾನಕ, ಮಜ್ಜಿಗೆ. ವಾಹನ ನಿಂತರೆ ಆರತಿ, ಒಂದು ಕಾಯಿ. ಎಂಜಿನ್ ಆಫ್ ಮಾಡುವುದೂ ಇಲ್ಲ, ಮುಂದಿನ ಊರು ಕಾಯುತ್ತಿರುತ್ತದೆ.

ಮದುವೆಯಾಗಿ ಬಂದ ಹೊಸದರಲ್ಲಿ, "ಒಂದ್ ಗಳಿಗೆ ತೆಗೆದು ತೋರಿಸಬಾರದಾ ಅತ್ತೆಮ್ಮ?" ಎಂದು ನಾನೂ ಕೇಳಿದ್ದೆ. ಅತ್ತೆ, "ದಾರೀಲಿ ಹೋಗೋರ ಗಂಟು ಬಿಚ್ಚಿಸಿ ನೋಡ್ತೀವೇನವ್ವ? ನೀರು ಕೊಟ್ಟು ಕಳಿಸ್ತೀವಿ" ಅಂದರು.

ಮಗನಿಗೆ ನಾನು ಕೊಡುವ ಉತ್ತರವೂ ಇದರಿಂದಲೇ ಹುಟ್ಟಿದ್ದು. ನೋಡಬೇಕು ಎನ್ನುವುದರಲ್ಲಿ ನನಗೆ ಸಿಗಬೇಕು ಎನ್ನುವ ಆಸೆ ಇರುತ್ತದೆ. ಸತ್ಕಾರದಲ್ಲಿ ಅದು ಇಲ್ಲ. ಮೇಲುಕೋಟೆಯಲ್ಲೂ ನೋಡಿ, ಕಿರೀಟ ತೊಡಿಸುವ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಚೆಲುವನಾರಾಯಣನ ಮುಡಿಗೇರುವ ಮೊದಲು ಅದನ್ನು ಬರಿಗಣ್ಣಿಂದ ನೋಡಬಾರದು ಎಂಬ ನಂಬಿಕೆ. ಕೈಯಲ್ಲಿ ಹಿಡಿದವರಿಗೇ ಕಾಣುವುದಿಲ್ಲ. ರಸ್ತೆಬದಿಯಲ್ಲಿ ನಿಂತ ನಮಗೂ ಅವರಿಗೂ ಆ ಗಳಿಗೆಯಲ್ಲಿ ಏನು ವ್ಯತ್ಯಾಸ?

ಮಗ ಅಷ್ಟಕ್ಕೇ ಬಿಡುವುದಿಲ್ಲ. ದೇವಸ್ಥಾನದ ಒಳಗೆ ವ್ಯತ್ಯಾಸ ಇತ್ತಲ್ಲ ಎನ್ನುತ್ತಾನೆ. ಇತ್ತು. ರಾಮಾನುಜರು ದಲಿತರನ್ನು ತಿರುಕುಲದವರೆಂದು ಕರೆದು ಒಳಗೆ ಬಿಟ್ಟುಕೊಂಡರು ಎಂದು ಹೆಮ್ಮೆಯಿಂದ ಹೇಳುತ್ತೇವೆ; ಆ ಪ್ರವೇಶ ವರ್ಷಕ್ಕೆ ಕೆಲವೇ ದಿನಗಳದ್ದಾಗಿತ್ತು ಎನ್ನುವುದನ್ನು ಮೆಲ್ಲಗೆ ಹೇಳುತ್ತೇವೆ. ರಸ್ತೆಗೆ ಹೊಸ್ತಿಲಿಲ್ಲ, ಪೆಟ್ಟಿಗೆ ಎಲ್ಲರಿಗೂ ಒಂದೇ ಥರ ಮುಚ್ಚಿರುತ್ತದೆ. ಹಾಗಿದ್ದೂ ನಮ್ಮೂರಲ್ಲಿ ಯಾರ ತಟ್ಟೆ ಮುಂದೆ, ಯಾರದು ಹಿಂದೆ ಎಂಬ ಲೆಕ್ಕ ತಪ್ಪಿಲ್ಲ. ಯಾರೂ ನೋಡದ ಕಿರೀಟದ ಮುಂದೆ ಹತ್ತಿರ ನಿಲ್ಲುವ ಹಕ್ಕು ಒಬ್ಬರಿಗೆ ಹೆಚ್ಚು ಹೇಗಾಗುತ್ತದೆ? ಮುಂದಿನ ವರ್ಷ ಕಾಲೋನಿಯ ಹೆಂಗಸರ ಆರತಿ ಮೊದಲು ಆಗಲಿ ಎಂದು ಊರಿನ ಯಜಮಾನರಿಗೆ ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಅತ್ತೆ ಒಪ್ಪಿದ್ದಾರೆ.