ಬಾಗಿಲು ದಾಟಿದವರ ಋಣ

ಕಳೆದ ತಿಂಗಳು ಒಂದು ಶುಕ್ರವಾರ ಗೆಳೆಯರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಭಾತು ಮುಗಿದು ಮೊಸರನ್ನ ಬರುವ ಹೊತ್ತಿಗೆ ಮಾತು ಮಕ್ಕಳ ಕಾಲೇಜು ಸೀಟಿನ ಕಡೆ ಹೊರಳಿತು. "ನಮ್ಮ ದೇಶದಲ್ಲಿ ಮೆರಿಟ್ಟಿಗೆ ಬೆಲೆಯೇ ಇಲ್ಲ ಡಾಕ್ಟ್ರೇ, ಎಲ್ಲಾ ರಿಸರ್ವೇಶನ್ನು" ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಕೈ ತೊಳೆಯುವಾಗ ಅದೇ ಮಹನೀಯರು ನನ್ನ ಪಕ್ಕಕ್ಕೆ ಬಂದು, ಊರಿನ ಮೆಡಿಕಲ್ ಕಾಲೇಜುಗಳಲ್ಲಿ ಎನ್.ಆರ್.ಐ. ಕೋಟಾದ ಸೀಟಿಗೆ ಈಗ ಎಷ್ಟಾಗುತ್ತದೆ ಎಂದು ಮೆಲ್ಲಗೆ ವಿಚಾರಿಸಿದರು. ಆಗ ನಗು ಬಂತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಏಕೆಂದರೆ ನನ್ನ ಮಗ ಓದಿದ್ದೂ ಅದೇ ಕೋಟಾದಲ್ಲಿ.

ಆ ರಾತ್ರಿ ನನಗೆ ನೆನಪಾದವರು ಗೀತಾ ನಾಗಭೂಷಣ. 1942ರಲ್ಲಿ ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದವರು. ತಂದೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಲ್ಲಿ ಕೂಲಿ ಕಾರ್ಮಿಕರು. ಮನೆಯಲ್ಲಿ ಅಕ್ಷರದ ಗಂಧವಿರಲಿಲ್ಲ, ಸಮುದಾಯವೂ ಹಿಂದುಳಿದದ್ದು. ಅಂಥಲ್ಲಿಂದ ಬಂದ ಹೆಣ್ಣುಮಗಳು ದುಡಿಯುತ್ತಲೇ ಓದಿ, ಎಂ.ಎ. ಮಾಡಿ, ಉಪನ್ಯಾಸಕಿಯಾಗಿ, ಪ್ರಾಂಶುಪಾಲರಾದರು. ಕಲಬುರಗಿ ಸೀಮೆಯ ಕೆಳವರ್ಗದ ಹೆಂಗಸರ ಬವಣೆಯನ್ನು ಅವರದೇ ಆಡುಮಾತಿನಲ್ಲಿ ಕಾದಂಬರಿಗಳಾಗಿಸಿದರು. 2004ರಲ್ಲಿ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 2020ರಲ್ಲಿ ತೀರಿಕೊಂಡರು.

ಇಂಥವರ ಕಥೆ ಕೇಳಿದೊಡನೆ ನಾವು ಹೇಳುವ ಮಾತು ಒಂದಿದೆ: "ನೋಡಿ, ಮನಸ್ಸಿದ್ದರೆ ಮಾರ್ಗ. ಅವರಿಗೆ ಸಾಧ್ಯವಾಯಿತಲ್ಲ, ಉಳಿದವರಿಗೆ ಏನು ಧಾಡಿ?" ಹೊಗಳಿಕೆಯಂತೆ ಕಾಣುವ ಈ ಮಾತಿನ ಬಗ್ಗೆಯೇ ನನ್ನ ತಕರಾರು. ವೈದ್ಯನಾಗಿ ಹೇಳುತ್ತೇನೆ: ಔಷಧಿಯಿಲ್ಲದೆ ಒಬ್ಬ ರೋಗಿ ನ್ಯುಮೋನಿಯಾದಿಂದ ಎದ್ದು ಕುಳಿತರೆ ಅವನ ಶರೀರ ಗಟ್ಟಿ ಎನ್ನಬಹುದು, ಔಷಧಿಯೇ ಬೇಡ ಎನ್ನಲಾಗದು. ಅದೇ ವಾರ್ಡಿನಲ್ಲಿ ಸತ್ತವರನ್ನೂ ಎಣಿಸಬೇಕಾಗುತ್ತದೆ. ಕನ್ನಡಕ್ಕೆ ಕೇಂದ್ರ ಅಕಾಡೆಮಿ ಪ್ರಶಸ್ತಿ ಮೊದಲು ಬಂದದ್ದು 1955ರಲ್ಲಿ, ಕುವೆಂಪು ಅವರಿಗೆ. ಒಬ್ಬ ಮಹಿಳೆಗೆ ಬರಲು 2004ರವರೆಗೆ ಕಾಯಬೇಕಾಯಿತು. ನಡುವಿನ 49 ವರ್ಷಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಬರೆಯಲಿಲ್ಲವೇ? ಗೀತಾ ಅವರ ಪ್ರಶಸ್ತಿ ಬಾಗಿಲು ತೆರೆದಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಅದು ಎಷ್ಟು ಕಾಲ ಮುಚ್ಚಿತ್ತು ಎಂಬುದಕ್ಕೆ ಸಾಕ್ಷಿ.

ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯಲ್ಲ. ಅಮೆರಿಕದ ರೂತ್ ಸಿಮನ್ಸ್ ಎಂಬ ಕಪ್ಪು ಮಹಿಳೆ 1945ರಲ್ಲಿ ಟೆಕ್ಸಾಸಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗೇಣಿ ಸಾಗುವಳಿ ಮಾಡುತ್ತಿದ್ದರು, ಹನ್ನೆರಡು ಮಕ್ಕಳಲ್ಲಿ ಈಕೆಯೇ ಕೊನೆಯವರು. ಕಾಲೇಜಿಗೆ ಹೊರಟಾಗ ಶಿಕ್ಷಕಿಯರು ತಮ್ಮ ಬಟ್ಟೆಗಳನ್ನೇ ಕೊಟ್ಟು ಕಳಿಸಿದರಂತೆ. ಮುಂದೆ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು, 2001ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ಐವಿ ಲೀಗ್ ಎನ್ನುವ ಆ ದೇಶದ ಪ್ರತಿಷ್ಠಿತ ವಿಶ್ವವಿದ್ಯಾಲಯಗಳಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ ಅವರು. ಕುರ್ಚಿ ಸಿಕ್ಕಿತಲ್ಲ ಎಂದು ಸುಮ್ಮನೆ ಕೂರಲಿಲ್ಲ. 2003ರಲ್ಲಿ ಒಂದು ಸಮಿತಿ ನೇಮಿಸಿ, ಈ ಸಂಸ್ಥೆಗೂ ಗುಲಾಮರ ವ್ಯಾಪಾರಕ್ಕೂ ಏನು ಸಂಬಂಧವಿತ್ತು, ಅದನ್ನು ಹುಡುಕಿ ಎಂದರು. 2006ರ ವರದಿ ಆ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಬಾಗಿಲು ದಾಟಿ ಒಳಗೆ ಬಂದಾಕೆ, ಬಾಗಿಲಿಗೆ ಬೀಗ ಹಾಕಿದವರು ಯಾರೆಂದು ಕೇಳಿದರು.

ಇಂಥ ಪ್ರಶ್ನೆಯನ್ನು ಬೇರೆಯವರಿಗೆ ಹಾಕುವುದು ಸುಲಭ. ನನಗೇ ಹಾಕಿಕೊಂಡು ನೋಡಿದೆ. ನಮ್ಮ ಎಂ.ಬಿ.ಬಿ.ಎಸ್. ತರಗತಿಯಲ್ಲಿ ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳಿದ್ದಳು. ಹಳ್ಳಿಯ ಕನ್ನಡ ಶಾಲೆಯಿಂದ ಬಂದವಳು. ಅನಾಟಮಿ ಹಾಲಿನಲ್ಲಿ ನಾವು ಗುಂಪುಗುಂಪಾಗಿ ಓದುತ್ತಿದ್ದೆವು, ಅವಳು ಒಬ್ಬಳೇ ಓದುತ್ತಿದ್ದಳು. "ಅವಳಿಗೇನು, ಕೋಟಾ ಇದೆಯಲ್ಲ" ಎಂದು ಯಾರೋ ಅಂದಾಗ ನಕ್ಕವರಲ್ಲಿ ನಾನೂ ಒಬ್ಬ. ಆದರೆ ಸೀಟು ಕೊಟ್ಟದ್ದು ಕೋಟಾ, ಪಾಸಾದದ್ದು ಅವಳೇ. ನಮ್ಮೆಲ್ಲರ ಪ್ರಶ್ನೆಪತ್ರಿಕೆಯೂ ಒಂದೇ, ತೇರ್ಗಡೆಯ ಅಂಕವೂ ಒಂದೇ. ನನಗೆ ನೋಟ್ಸು ಕೊಡಲು ಡಾಕ್ಟರಾಗಿದ್ದ ಸೋದರಮಾವ ಇದ್ದರು. ಅವಳಿಗೆ ಯಾರಿದ್ದರು?

ಹಲವು ವರ್ಷಗಳ ನಂತರ ಪರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ, ಒಂದು ರಾತ್ರಿ ಪಾಳಿಯಲ್ಲಿ ವೃದ್ಧ ರೋಗಿಯೊಬ್ಬರು ನನ್ನ ಮುಖ ನೋಡಿ, "ನಿಜವಾದ ಡಾಕ್ಟರು ಯಾವಾಗ ಬರುತ್ತಾರೆ?" ಎಂದು ಕೇಳಿದರು. ಕೊರಳಿನಲ್ಲಿ ಸ್ಟೆತಾಸ್ಕೋಪ್ ಹಾಗೇ ತೂಗುತ್ತಿತ್ತು. ಆ ಕ್ಷಣ ಕಣ್ಣ ಮುಂದೆ ಬಂದದ್ದು ನಮ್ಮೂರಲ್ಲ, ನಮ್ಮಮ್ಮನೂ ಅಲ್ಲ. ಅನಾಟಮಿ ಹಾಲಿನಲ್ಲಿ ಒಬ್ಬಳೇ ಕುಳಿತಿದ್ದ ಆ ಹುಡುಗಿ. ನಾನು ಒಂದು ರಾತ್ರಿ ಅನುಭವಿಸಿದ್ದನ್ನು ಅವಳು ಐದೂವರೆ ವರ್ಷ ಅನುಭವಿಸಿದ್ದಳು, ಅದೂ ತನ್ನದೇ ನಾಡಿನಲ್ಲಿ, ತನ್ನದೇ ಭಾಷೆಯಾಡುವ ನಮ್ಮ ನಡುವೆ.

ಈಗ ಕೋಟಾದ ಮಾತಿಗೆ ಬರೋಣ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು, ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದವರಿಗೂ ಪಾಲು ಸಿಗಲಿ ಎಂದು. ತಲೆಮಾರುಗಳಿಂದ ಹೊರಗಿದ್ದವರಿಗಾಗಿ ತೆರೆದ ಬಾಗಿಲು ಅದು. ಖಾಸಗಿ ಕಾಲೇಜುಗಳಲ್ಲಿ ಶೇಕಡಾ 15ರವರೆಗೆ ಎನ್.ಆರ್.ಐ. ಸೀಟುಗಳಿರಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಅದು ಹಣವಿದ್ದವರ ಬಾಗಿಲು. ಮೊದಲನೆಯದನ್ನು ನಾವು ಅನ್ಯಾಯ ಎನ್ನುತ್ತೇವೆ, ಎರಡನೆಯದನ್ನು ಸೌಲಭ್ಯ ಎನ್ನುತ್ತೇವೆ. ನನ್ನ ಮಗ ಒಳ್ಳೆಯ ವೈದ್ಯನೇ ಆಗಿದ್ದಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಹಾಗಿದ್ದರೆ ಆ ಹುಡುಗಿಯ ಬಗ್ಗೆ ಮಾತ್ರ ಏಕೆ ಸಂಶಯಪಟ್ಟೆ?

ಮೇಲೆ ಬಂದವರು ತಮ್ಮ ಸಮುದಾಯದ ಋಣ ತೀರಿಸಬೇಕು ಎಂದು ಎಲ್ಲರೂ ಉಪದೇಶಿಸುತ್ತಾರೆ. ಗೀತಾ ಅವರು ಬರೆದು ತೀರಿಸಿದರು, ರೂತ್ ಸಿಮನ್ಸ್ ಪ್ರಶ್ನೆ ಕೇಳಿ ತೀರಿಸಿದರು. ಆದರೆ ಬಾಗಿಲು ತಟ್ಟುವ ಕಷ್ಟವನ್ನೇ ಕಾಣದೆ ಒಳಗೆ ಬಂದ ನಮ್ಮಂಥವರ ಋಣವೇ ದೊಡ್ಡದು ಎಂದು ನನಗೆ ಈಗ ತೋರುತ್ತದೆ. ನಮ್ಮನ್ನು ಯಾರೂ ಲೆಕ್ಕ ಕೇಳಲಿಲ್ಲ, ಅಷ್ಟೇ.

ಸಂಘದ ಬಂಧುಗಳಲ್ಲಿ ದೊಡ್ಡ ತ್ಯಾಗವನ್ನೇನೂ ನಾನು ಕೋರುತ್ತಿಲ್ಲ. ಮುಂದಿನ ಬಾರಿ ಊಟದ ಮನೆಯಲ್ಲಿ ಮೆರಿಟ್ಟಿನ ಮಾತು ಬಂದಾಗ, ನಮ್ಮ ಕೈ ಹಿಡಿದು ಒಳಗೆ ಕರೆತಂದವರು ಯಾರು ಎಂದು ಒಂದು ಗಳಿಗೆ ಯೋಚಿಸೋಣ. ರಜೆಯಲ್ಲಿ ಊರಿಗೆ ಹೋದಾಗ, ಕನ್ನಡ ಶಾಲೆಯಿಂದ ಕಾಲೇಜಿಗೆ ಹೊರಟ ಒಂದು ಹೆಣ್ಣುಮಗುವಿನ ಪುಸ್ತಕಕ್ಕೋ ಹಾಸ್ಟೆಲ್ಲಿಗೋ ನೆರವಾಗೋಣ, ಅದನ್ನು ದಾನವೆನ್ನದೆ ಸಾಲದ ಕಂತು ಎಂದುಕೊಳ್ಳೋಣ. ಆ ನನ್ನ ಸಹಪಾಠಿ ಈಗ ಎಲ್ಲಿದ್ದಾಳೋ ತಿಳಿಯದು. ಎದುರಿಗೆ ಸಿಕ್ಕಿದರೆ ಕ್ಷಮೆ ಕೇಳಬೇಕೆಂದಿದ್ದೇನೆ. ಅಲ್ಲಿಯವರೆಗೆ, ಆ ಶುಕ್ರವಾರ ತಲೆಯಾಡಿಸಿದ ತಪ್ಪಿಗೆ ಇದು ನನ್ನ ತಪ್ಪೊಪ್ಪಿಗೆ.