ಕರುಣೆ ಕೈಕೊಟ್ಟ ರಾತ್ರಿಗೆ

ಈ ಸಂವಾದದಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಮೂವರಿದ್ದಾರೆ. ರೇಣುಕಾ ಆಶಾ ಕಾರ್ಯಕರ್ತೆ. ವಯಸ್ಸು ಮೂವತ್ತೊಂದು, ಓದಿದ್ದು ಕಲಾ ವಿಭಾಗದ ಪಿಯುಸಿ, ಇಬ್ಬರು ಮಕ್ಕಳ ತಾಯಿ. ಗಂಗಮ್ಮ ಸಿಸ್ಟರ್ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು. ಕೊಟ್ರಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಶೇಂಗಾ ಬಿಡಿಸುವ ಕಾಲ. ಸಿಸ್ಟರ್ ಮನೆಯ ಪಡಸಾಲೆ. ಮೂವರೂ ಕಲ್ಪಿತ ಪಾತ್ರಗಳು, ಅವರು ಎತ್ತುವ ಸಂಗತಿಗಳು ನಿಜ.

ರೇಣುಕಾ: ಸಿಸ್ಟರಮ್ಮಾ, ಸುತ್ತಿ ಬಳಸಿ ಮಾತಾಡಾಕೆ ನನಗೆ ಬರಲ್ಲ. ಆಶಾ ಕೆಲಸ ಬಿಟ್ಟು ನರ್ಸಿಂಗ್ ಸೇರಬೇಕು ಅಂತ ಐತೆ. ಈ ವಯಸ್ಸಿಗೆ ಆಗತೈತಾ? ಸೇರೋ ಮುಂಚೆ ಏನೇನು ಓದಿಕೊಂಡಿರಬೇಕು?

ಮೇಷ್ಟ್ರು: ಅದಕ್ಕೆ ಮೊದಲು ನನ್ನದೊಂದು ಪ್ರಶ್ನೆ ಇದೆ. ಯಾವ ಮನೆಯ ಬಸುರಿಗೆ ಎಷ್ಟು ತಿಂಗಳು ಅನ್ನೋದು ನಿನಗೆ ಬಾಯಿಪಾಠ. ಸಾವಿರ ಜನಕ್ಕೊಬ್ಬ ಆಶಾ ಅಂತ 2005ರಲ್ಲಿ ಯೋಜನೆ ಮಾಡಿದ್ದೇ ಇದಕ್ಕೆ. ಸೇವೆ ಮಾಡ್ತಲೇ ಇದ್ದೀಯ, ಮತ್ತೆ ಸರ್ಟಿಫಿಕೇಟಿನ ಹಂಬಲ ಯಾಕೆ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟಲಿಲ್ಲ. ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು, 2018ರಲ್ಲಿ ಪದ್ಮಶ್ರೀ, ಎಲ್ಲ ಅವರ ಮನೆ ಹುಡುಕಿಕೊಂಡು ಬಂದವು.

ಗಂಗಮ್ಮ: ನರಸಮ್ಮನ ಹೆಸರು ಎತ್ತಿದ್ದು ಒಳ್ಳೇದಾಯ್ತು ಮೇಷ್ಟ್ರೇ. ಆಕೆ ಕಲಿತದ್ದು ಅಜ್ಜಿ ಹತ್ರ. ಅಜ್ಜಿ ಹೋದ ಹೆರಿಗೆ ಮನೆಗೆಲ್ಲ ತಾನೂ ಹೋಗಿ, ನೋಡಿ, ಕೈ ಪಳಗಿಸಿಕೊಂಡಳು. ಓದು ಬರಹ ಇರಲಿಲ್ಲ ಅನ್ನಿ, ಕಲಿಕೆ ಇರಲಿಲ್ಲ ಅನ್ನಬೇಡಿ. ರೇಣುಕಾಗೆ ಅಂಥ ಅಜ್ಜಿ ಎಲ್ಲಿದ್ದಾಳೆ? ಹೆರಿಗೆ ಎಲ್ಲ ಈಗ ಆಸ್ಪತ್ರೆಯಲ್ಲೇ ಆಗ್ತಾವೆ. ಕಲಿಯೋ ಜಾಗಾನೂ ಅಲ್ಲಿಗೇ ಹೋಯ್ತು.

ಮೇಷ್ಟ್ರು: ಒನಕೆ ಓಬವ್ವ ನಮ್ಮೂರ ಮಗಳು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಆಕೆಗೆ ಯಾರು ತರಬೇತಿ ಕೊಟ್ಟಿದ್ದರು? ಹೊತ್ತು ಬಂದಾಗ ಧೈರ್ಯ ತಾನಾಗಿ ಬರುತ್ತದೆ.

ಗಂಗಮ್ಮ: ಕೋಟೆ ಕಿಂಡೀಲಿ ಶತ್ರುಗಳು ನುಸುಳಿದಾಗ ಓಬವ್ವ ಕೈಗೆ ತಗೊಂಡದ್ದು ಕತ್ತಿ ಅಲ್ಲ, ಒನಕೆ. ದಿನಾ ಕುಟ್ಟಿ ಕುಟ್ಟಿ ತೋಳಿಗೆ ಪಳಗಿದ್ದ ವಸ್ತು. ಧೈರ್ಯ ಆ ಹೊತ್ತಿಗೆ ಬಂದಿರಬಹುದು, ಪೆಟ್ಟು ತಪ್ಪದ ಹಾಗೆ ಹೊಡೆಯೋ ತೋಳು ಮೊದಲೇ ತಯಾರಾಗಿತ್ತು.

ರೇಣುಕಾ: ನನ್ನ ಕಾರಣಾನೂ ಕೇಳ್ರಿ ಸಾರ್. ಮಧ್ಯರಾತ್ರಿ 108ಗೆ ಫೋನ್ ಮಾಡಿ ಬಸುರೀನ ಕರಕೊಂಡು ಹೋಗ್ತೀನಿ. ದಾರಿ ಉದ್ದಕ್ಕೂ ಆಕೆ ನನ್ನ ಕೈ ಬಿಡಲ್ಲ. ಲೇಬರ್ ವಾರ್ಡ್ ಬಂದ ಕೂಡಲೇ ಆಕೆ ಒಳಗೆ, ನಾನು ಹೊರಗೆ. ಒಳಗೆ ಏನಾಗ್ತೈತೆ ಅಂತ ಅವರ ಅತ್ತೆ ಕೇಳಿದ್ರೆ ನನಗೇನೂ ಗೊತ್ತಿರಲ್ಲ. ಹೊಲಕ್ಕೆ ಹೋದವನಿಗೆ ಕರಡಿ ಬಿದ್ದು ನೆತ್ತಿ ಚರ್ಮ ಕಿತ್ತು ಬಂದಾಗಲೂ ಅಷ್ಟೆ. ಒಬ್ರು ಅರಿಷಿಣ ತುಂಬ್ರಿ ಅಂತಾರೆ, ಇನ್ನೊಬ್ರು ಬೂದಿ ಅಂತಾರೆ. ಬ್ಯಾಡ್ರಿ ಅನ್ನಾಕೆ ಗೊತ್ತು. ಬ್ಯಾಡ ಅಂದ ಮೇಲೆ ಏನು ಮಾಡಬೇಕು ಅನ್ನೋದು ಪೂರಾ ಗೊತ್ತಿಲ್ಲ. ಇನ್ನೊಂದು ಕಾರಣ ಸಂಬಳ. ಮುಚ್ಚಿಡಲ್ಲ.

ಮೇಷ್ಟ್ರು: ಸಂಬಳದ ಆಸೆ ಬಂದಲ್ಲಿ ಅದನ್ನ ಸೇವೆ ಅಂತ ಹೇಗೆ ಕರೆಯೋದು? ಶರಣರು ಕಾಯಕಕ್ಕೆ ಮಿತಿ ಹಾಕಿಕೊಂಡಿದ್ದರು. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸು ಸುರಿದು ಬಾ ಅಂತ ಆಯ್ದಕ್ಕಿ ಲಕ್ಕಮ್ಮ ಕಳಿಸಿದಳು.

ಗಂಗಮ್ಮ: ಹೆಚ್ಚಿಗೆ ಬಂದದ್ದನ್ನ ಕಳಿಸಿದಳು. ದಿನದ ಅಕ್ಕಿಯನ್ನೂ ಬಿಟ್ಟು ಬಾ ಅನ್ನಲಿಲ್ಲ. ರೇಣುಕಾಗೆ ದಿನದ ಅಕ್ಕಿನೇ ಇನ್ನೂ ಸರಿಯಾಗಿ ಹುಟ್ಟಿಲ್ಲ. 2025ರ ಜನವರಿ ಚಳಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ಗೌರವಧನ ಹೆಚ್ಚಿಸಿ ಅಂತ. ಸೇವೆ ಅಂತ ಹೊಗಳಿದ್ರೆ ಕೂಲಿ ಕೊಡೋದು ತಪ್ಪುತ್ತೆ ಅನ್ನೋ ಲೆಕ್ಕ ಬಹಳ ಜನಕ್ಕೆ ಗೊತ್ತು ಮೇಷ್ಟ್ರೇ. ಪಾಠ ಹೇಳೋದೂ ಸೇವೆನೇ ಅಲ್ವಾ? ನೀವು ಪಿಂಚಣಿ ಬೇಡ ಅಂದ್ರಾ?

ಮೇಷ್ಟ್ರು: (ನಕ್ಕು) ಅದೊಂದು ಏಟು ಸರಿಯಾಗಿ ಬಿತ್ತು. ಸಂಬಳದ ಮಾತು ಬಿಡೋಣ. ದಾರಿ ಯಾವುದು ಹೇಳಿ.

ಗಂಗಮ್ಮ: ಎರಡು ದಾರಿ ಅದಾವೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ನಿನಗೆ ಅವು ಇಲ್ಲ. ಜಿಎನ್ಎಂ, ಅಂದ್ರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ, ಮೂರು ವರ್ಷ. ವಿಜ್ಞಾನ ಓದಿದ್ರೆ ಒಳ್ಳೇದು ಅಂತಾರೆ, ಆದ್ರೆ ಆರ್ಟ್ಸ್‌ನವರನ್ನೂ ತಗೋತಾರೆ. ಒಟ್ಟು ಅಂಕ ನೂರಕ್ಕೆ 40 ಇರಬೇಕು, ಇಂಗ್ಲಿಷಿನಲ್ಲೂ ಅಷ್ಟಿರಬೇಕು. ವಯಸ್ಸಿಗೆ 35ರ ಗೆರೆ ಐತೆ. ನೀನು ಇನ್ನೂ ಗೆರೆ ಒಳಗೆ ಇದ್ದೀಯ, ಯೋಚನೆ ಮಾಡ್ತಾ ಕೂತ್ರೆ ದಾಟಿ ಹೋಗ್ತೀಯ. ಜಿಎನ್ಎಂ ಮುಗಿಸಿ ನೋಂದಣಿ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಒಂದು ಬಾಗಿಲು ಮುಚ್ಚಿದೆ ಅಂತ ಅಳಬೇಡ, ಹಿತ್ತಲ ಬಾಗಿಲೂ ಅದೇ ಮನೆಗೆ ಹೋಗುತ್ತೆ.

ರೇಣುಕಾ: ಆಶಾ ಕೆಲಸ ಮಾಡ್ತಾ ಮಾಡ್ತಾ ಓದಬಹುದಾ?

ಗಂಗಮ್ಮ: ಆಗಲ್ಲ. ಮನೆಯಲ್ಲಿ ಕೂತು ನರ್ಸಿಂಗ್ ಕಲಿಸ್ತೀವಿ ಅಂದೋರನ್ನ ನಂಬಬೇಡ. ತರಗತಿ ಹಾಜರಿ ಕಡ್ಡಾಯ, ವಾರ್ಡಿನ ಹಾಜರಿಯಂತೂ ಪೂರ್ತಿ ತುಂಬದೆ ಸರ್ಟಿಫಿಕೇಟ್ ಕೊಡಲ್ಲ. ಮೂರು ವರ್ಷ ಕೈಗೆ ದುಡ್ಡು ಬರಲ್ಲ ಅಂತಲೇ ಮನೆ ಲೆಕ್ಕ ಹಾಕು. ಕಾಲೇಜು ನೋಡೋವಾಗ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ, ರಾಜ್ಯ ಪರಿಷತ್ತಿನ ಮಾನ್ಯತೆ ಎರಡೂ ಕೇಳು. ಅವರ ಆಸ್ಪತ್ರೆಗೆ ಹೇಳದೆ ಕೇಳದೆ ಹೋಗಿ ನೋಡು, ಮಂಚದ ಮೇಲೆ ರೋಗಿಗಳು ಇದ್ದಾರಾ ಇಲ್ವಾ ಅಂತ. ಮೂಲ ಅಂಕಪಟ್ಟಿ ಕೊಡಿ ಅನ್ನೋ ಏಜೆಂಟ್ ಬಂದ್ರೆ ಬಾಗಿಲಲ್ಲೇ ಕಳಿಸು.

ರೇಣುಕಾ: ನನಗೆ ಬಯಾಲಜಿ ಹತ್ತನೇ ತರಗತಿಗೇ ನಿಂತೋಯ್ತು. ಲೆಕ್ಕ ಅಂದ್ರೆ ಈಗಲೂ ಎದೆ ಹೊಡಕೊಂತೈತೆ.

ಗಂಗಮ್ಮ: ಅದಕ್ಕೇ ಸೇರೋ ಮುಂಚಿನ ತಿಂಗಳುಗಳು ಮುಖ್ಯ. ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ಕನ್ನಡದಲ್ಲೇ ಮತ್ತೆ ಓದು. ಹೃದಯ, ಶ್ವಾಸಕೋಶ, ಮೂತ್ರಪಿಂಡ ಹೇಗೆ ಕೆಲಸ ಮಾಡ್ತಾವೆ ಅಂತ ನಿನ್ನ ಮಾತಲ್ಲಿ ಹೇಳೋಕೆ ಬರಬೇಕು. ಆಮೇಲೆ ಅವನ್ನೇ ಇಂಗ್ಲಿಷಿನಲ್ಲಿ ಓದು. ಮೊದಲ ವರ್ಷವೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸೈಕಾಲಜಿ ಎಲ್ಲ ಒಟ್ಟಿಗೆ ಮೈಮೇಲೆ ಬರ್ತಾವೆ. ಅರ್ಥ ಮೊದಲೇ ಕನ್ನಡದಲ್ಲಿ ಕೂತಿದ್ರೆ ಹೆಸರು ಹಿಂದೆ ಬರತೈತೆ. ಇನ್ನು ಲೆಕ್ಕ. ಐನೂರು ಎಂಎಲ್ ಡ್ರಿಪ್ಪು ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂಎಲ್‌ಗೆ ಇಪ್ಪತ್ತು ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡ್ತೀಯ?

ಮೇಷ್ಟ್ರು: ಐನೂರಿಪ್ಪತ್ತಲಿ ಹತ್ತು ಸಾವಿರ ಹನಿ. ನಾಲ್ಕು ಗಂಟೆಗೆ 240 ನಿಮಿಷ. ಭಾಗಿಸಿದರೆ ಹೆಚ್ಚುಕಡಿಮೆ ನಲವತ್ತೆರಡು. ಏಳನೇ ತರಗತಿಯ ಲೆಕ್ಕ ಇದು!

ಗಂಗಮ್ಮ: ಏಳನೇ ತರಗತಿಯದೇ. ಆದ್ರೆ ಅಲ್ಲಿ ತಪ್ಪಿದ್ರೆ ಅಂಕ ಹೋಗುತ್ತೆ, ಇಲ್ಲಿ ಹೃದಯ ಸೋತವನಿಗೆ ನೀರು ಜಾಸ್ತಿ ಹೋಗಿ ಉಸಿರು ಕಟ್ಟುತ್ತೆ.

ರೇಣುಕಾ: ಇದೆಲ್ಲ ಕಲಿಬಹುದು ಸಿಸ್ಟರಮ್ಮಾ. ನನ್ನ ಭಯ ಬೇರೆ ಐತೆ. ಈಗ ಯಾರಾದ್ರು ಅತ್ರೆ ನನಗೂ ಅಳು ಬರತೈತೆ. ದಿನಾ ನೋವು ನೋಡಿ ನೋಡಿ ಮನಸ್ಸು ಕಲ್ಲಾಗಿಬಿಟ್ರೆ?

ಗಂಗಮ್ಮ: ಕೆಲವು ರಾತ್ರಿ ಆಗತೈತೆ. ಸುಳ್ಳು ಯಾಕೆ ಹೇಳಲಿ? ಮಗುಗೆ ಜ್ವರ, ಮನೇಲಿ ಜಗಳ, ಮೂವತ್ತು ರೋಗಿಗೆ ಇಬ್ಬರೇ ಸಿಸ್ಟರು. ಬೆಳಗಿನ ಜಾವ ಮೂರು ಗಂಟೆಗೆ ಯಾರೋ ಸಿಸ್ಟರ್ ಅಂತ ಕೂಗಿದ್ರೆ ಎದೆಯಲ್ಲಿ ಕರುಣೆ ಒಂದು ಹನಿ ಇರಲ್ಲ, ಸಿಟ್ಟು ಇರತೈತೆ. ಕಾಲೇಜು ಕಲಿಸೋದು ಆ ರಾತ್ರಿಗೆ. ಪಾರ್ಶ್ವವಾಯು ಹೊಡೆದು ಮಲಗಿದವನನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗತೈತೆ. ಅವನ ಮೇಲೆ ನಿನಗೆ ಪ್ರೀತಿ ಐತಾ ಅಂತ ಅವನ ಚರ್ಮ ಕೇಳಲ್ಲ. ಔಷಧಿ ಕೊಡೋ ಮುಂಚೆ ಐದು ಸರಿ ನೋಡಬೇಕು: ಸರಿಯಾದ ರೋಗಿ, ಔಷಧಿ, ಪ್ರಮಾಣ, ದಾರಿ, ಹೊತ್ತು. ಸಿಟ್ಟಲ್ಲಿದ್ದಾಗಲೂ ನೋಡಬೇಕು. ಕಲಿಕೆ ಕೈಯಲ್ಲಿ ಕೂತಿದ್ರೆ ಮನಸ್ಸು ಎಲ್ಲೋ ಇದ್ದ ರಾತ್ರಿಯೂ ರೋಗಿ ಉಳಿತಾನೆ.

ಮೇಷ್ಟ್ರು: ಹಾಗಾದರೆ ಕರುಣೆ ಇಲ್ಲದವಳೂ ಒಳ್ಳೆ ನರ್ಸ್ ಆಗಬಹುದು ಅಂದ ಹಾಗಾಯಿತು.

ಗಂಗಮ್ಮ: ಒಂದು ರಾತ್ರಿ ಆಗಬಹುದು, ಮೂವತ್ತು ವರ್ಷ ಆಗಲ್ಲ. ಮಾರನೇ ದಿನ ಮತ್ತೆ ಡ್ಯೂಟಿಗೆ ಬರೋಕೆ ಕರುಣೆ ಬೇಕು. ಆದ್ರೆ ರೋಗಿಯ ಜೀವ ನನ್ನ ಮನಸ್ಸಿನ ಏರಿಳಿತದ ಮೇಲೆ ನಿಲ್ಲಬಾರದು. ಹಾಗೆ ನಿಂತ್ರೆ ನನಗೆ ಇಷ್ಟ ಆದವರು ಬದುಕ್ತಾರೆ, ಆಗದವರು ಸಾಯ್ತಾರೆ. ನಮ್ಮೂರಲ್ಲಿ ಯಾರು ಯಾರಿಗೆ ಇಷ್ಟ ಆಗ್ತಾರೆ ಅನ್ನೋದನ್ನ ಜಾತಿ ಮೊದಲೇ ತೀರ್ಮಾನ ಮಾಡಿರತೈತೆ, ಅದು ನಿಮಗೂ ಗೊತ್ತು.

ರೇಣುಕಾ: ಎಲ್ಲ ಸರಿಯಾಗಿ ಮಾಡಿದ್ರೂ ಸಾವು ಬರತೈತಲ್ಲ? 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ್ರು. ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂದು ಸರ್ಕಾರ ಅದನ್ನ ನಿಲ್ಲಿಸ್ತು. ನಾನೇ ಆ ಬಾಟಲಿ ಏರಿಸಿದ್ದಿದ್ರೆ? ಐದೂ ಸರಿ ನೋಡಿರ್ತಿದ್ದೆ, ಆದ್ರೂ ಆಕೆ ಸಾಯ್ತಿದ್ಲು.

ಗಂಗಮ್ಮ: ಅದಕ್ಕೆ ನನ್ನ ಹತ್ರ ಸಮಾಧಾನ ಇಲ್ಲ ಕಣವ್ವಾ. ಬಾಟಲಿ ಒಳಗೇನಿದೆ ಅಂತ ಕಣ್ಣಿಗೆ ಕಾಣಲ್ಲ. ನಮ್ಮ ಕೈಯಲ್ಲಿರೋದು ಇಷ್ಟು: ಬ್ಯಾಚ್ ನಂಬರು ಬರೀಬೇಕು, ಏರಿಸಿದ ಹೊತ್ತು ಬರೀಬೇಕು, ಚಳಿ ನಡುಕ ಬಂದ ಹೊತ್ತು ಬರೀಬೇಕು, ಮೂತ್ರ ಕಡಿಮೆ ಆಗಿದ್ದು ಬರೀಬೇಕು, ಕೂಡಲೇ ಡಾಕ್ಟರಿಗೆ ಹೇಳಬೇಕು. ಬರೆದಿಟ್ಟರೆ ಸತ್ತವಳು ವಾಪಸು ಬರಲ್ಲ. ಮುಂದಿನ ಮಂಚದವಳಿಗೆ ಅದೇ ಬಾಟಲಿ ಏರೋದು ನಿಲ್ಲಬಹುದು.

ಮೇಷ್ಟ್ರು: ಬಾಣಂತಿಯರ ಮಾತು ಬಂತು, ಇನ್ನೊಂದು ಕೇಳ್ತೀನಿ. ಹೆರಿಗೆ ಅಂದರೆ ನಮ್ಮಲ್ಲಿ ಸೂತಕ. ಚಿತ್ರದುರ್ಗ, ತುಮಕೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಆಚೆ ಗುಡಿಸಲಲ್ಲಿ ಇಡುವುದು ಈಚಿನವರೆಗೂ ಸುದ್ದಿಯಾಗಿದೆ. ನಿಮ್ಮ ಆಸ್ಪತ್ರೆಯಲ್ಲೂ ಮುಟ್ಟಬೇಡಿ, ಕೈ ತೊಳೆಯಿರಿ ಅಂತೀರಿ. ಎರಡಕ್ಕೂ ಏನು ವ್ಯತ್ಯಾಸ?

ಗಂಗಮ್ಮ: ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅಂತ ಡಾಕ್ಟರ್ ಇದ್ದ. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸ್ತಿದ್ರು. ಅವರಿಗೆ 1847ರಲ್ಲಿ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬಾಣಂತಿಯರು ಸಾಯ್ತಿದ್ದ ವಾರ್ಡಿನಲ್ಲಿ ಮರುವರ್ಷ ಸಾವು ನೂರಕ್ಕೆ ಒಂದು ಎರಡಕ್ಕೆ ಇಳೀತು. ಸೂತಕ ಬಾಣಂತಿಯೇ ಮೈಲಿಗೆ ಅನ್ನತೈತೆ. ಮುಟ್ಟೋ ನಮ್ಮ ಕೈ ಮೈಲಿಗೆ ಅಂತ ಅವನು ತೋರಿಸಿದ. ಒಂದರಿಂದ ಆಕೆ ಒಬ್ಬಂಟಿ ಆಗ್ತಾಳೆ, ಇನ್ನೊಂದರಿಂದ ನಾವು ಕೈ ತೊಳಕೊಂಡು ಆಕೆ ಹತ್ರ ಹೋಗ್ತೀವಿ.

ಮೇಷ್ಟ್ರು: (ತುಸು ತಡೆದು) ಒಪ್ಪಿದೆ. ಇನ್ನು ನನ್ನ ಕಡೆಯ ಅಳುಕು. ಇವಳು ಕಲಿತ ಮೇಲೆ ಗುಡೇಕೋಟೆಯಲ್ಲಿ ಇರ್ತಾಳಾ? ಬೆಂಗಳೂರು, ದುಬೈ, ಲಂಡನ್ ಎಲ್ಲ ನರ್ಸುಗಳನ್ನ ಕರೀತಾವೆ. ಊರಿಗೆ ಆಶಾನೂ ಇಲ್ಲ, ನರ್ಸೂ ಇಲ್ಲ ಅಂತಾಗುತ್ತೆ.

ರೇಣುಕಾ: ವಾಪಸು ಬರ್ತೀನಿ ಅಂತ ಆಣೆ ಮಾಡಲ್ಲ ಸಾರ್. ಕೂಡ್ಲಿಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ರೆ ಅದಕ್ಕಿಂತ ಬೇರೆ ಬ್ಯಾಡ ಅನ್ನಿಸತೈತೆ, ಮಕ್ಕಳು ಇಲ್ಲೇ ಅದಾವೆ. ಸಿಗದಿದ್ರೆ? ನಮ್ಮ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ಊರು ಬಿಡಬ್ಯಾಡ್ರಿ ಅಂತ ಯಾರೂ ತಡೀಲಿಲ್ಲ. ಊರಿನ ಋಣ ಓದಿದ ಹೆಣ್ಣಿನ ತಲೆ ಮೇಲೆ ಮಾತ್ರ ಯಾಕೆ?

ಗಂಗಮ್ಮ: ಉಳಿಸಿಕೊಳ್ಳೋ ಹಂಗಿದ್ರೆ ಊರ ಆಸ್ಪತ್ರೆಯಲ್ಲಿ ಖಾಲಿ ಬಿದ್ದ ಹುದ್ದೆ ತುಂಬಿಸಿ ಅಂತ ನೀವು ಅರ್ಜಿ ಬರೀರಿ ಮೇಷ್ಟ್ರೇ. ಕಲಿಯದೆ ಇರೋದ್ರಿಂದ ಇಲ್ಲೇ ಉಳಿದವಳು ಊರಿಗೆ ಎಷ್ಟು ಉಪಕಾರ ಮಾಡ್ಯಾಳು?

ಮೇಷ್ಟ್ರು: ಅಳುಕು ಪೂರ್ತಿ ಹೋಗಲಿಲ್ಲ. ಇರಲಿ, ಅರ್ಜಿ ಬರೀತೀನಿ. ರೇಣುಕಾ, ನಾಳೆಯಿಂದ ಸಂಜೆ ಬಾ. ಅನುಪಾತ, ಶೇಕಡ, ದಶಮಾಂಶ ಮೂರೂ ಗಟ್ಟಿ ಮಾಡಿಸ್ತೀನಿ. ಫೀಸು ಗೀಸು ಬೇಡ, ನನ್ನದೂ ಒಂದು ಸೇವೆ ಅಂತಿಟ್ಟುಕೋ.

ರೇಣುಕಾ: ಫೀಸು ತಗೊಳ್ರಿ ಸಾರ್. ತಿಂಗಳಿಗೆ ಇನ್ನೂರು ಕೊಡ್ತೀನಿ. ಪುಕ್ಕಟೆ ಪಾಠ ಆದ್ರೆ, ಮಳೆ ಬಂತು, ಮೈ ಸರಿ ಇಲ್ಲ, ಮನಸ್ಸಿಲ್ಲ ಅಂತ ನೀವು ಬಿಟ್ರೂ ಕೇಳಾಕಾಗಲ್ಲ. ನನಗೆ ನಿಮ್ಮ ಮನಸ್ಸು ಸರಿ ಇಲ್ಲದ ದಿನಾನೂ ಪಾಠ ಆಗಬೇಕು.